ವೇಗಮಿತಿ ಮೀರಿದವರಿಗೆ ತರಗತಿಯೋ, ಅಂಕವೋ?

ಪ್ರಶ್ನೆ – ಜಯನಗರದಿಂದ
ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ ಗಂಟೆಗೆ 30 ಮೈಲಿ ಮಿತಿಯ ರಸ್ತೆಯಲ್ಲಿ 35ರ ವೇಗದಲ್ಲಿ ಹೋಗಿ ಕ್ಯಾಮೆರಾಕ್ಕೆ ಸಿಕ್ಕಿಬಿದ್ದಾಗ, 100 ಪೌಂಡ್ ದಂಡ ತೆತ್ತು ಪರವಾನಗಿಯ ಮೇಲೆ ತಪ್ಪಿಗಾಗಿ ದಾಖಲಾಗುವ 3 ದಂಡನಾ ಅಂಕ ಹೊರುವ ಬದಲು, ಶುಲ್ಕ ಕಟ್ಟಿ ವೇಗ ಜಾಗೃತಿ ತರಗತಿಯಲ್ಲಿ ಕೂರುವ ಅವಕಾಶ ದೊರೆಯಿತು. ನನಗೆ ಬಳ್ಳಾರಿ ರಸ್ತೆಯಲ್ಲಿ ಸಿಕ್ಕಿದ್ದು ಮೊಬೈಲಿಗೆ ಬಂದ ಒಂದು ಸಂದೇಶ ಮಾತ್ರ. ದಂಡ ಕಟ್ಟಿದೆ, ಮರೆತೆ. ನಮ್ಮಲ್ಲೂ ಅಂಥ ತರಗತಿ ಬೇಡವೇ?

ಉತ್ತರ – ಮಲ್ಲೇಶ್ವರದಿಂದ
ಅಲ್ಲಿ ತರಗತಿಗೆ ಬೆಲೆ ಬಂದಿರುವುದೇ ಅಂಕಗಳ ಭಯದಿಂದ. 3 ವರ್ಷದೊಳಗೆ 12 ಅಂಕ ಸೇರಿದರೆ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ವಾಹನ ಓಡಿಸುವಂತಿಲ್ಲ, ವಿಮೆಯ ಕಂತೂ ಏರಬಹುದು. ನಮ್ಮ ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ 2019ರ ತಿದ್ದುಪಡಿಯ ನಂತರ ಕಾರಿನವರಿಗೆ 1,000ದಿಂದ 2,000 ರೂಪಾಯಿ ದಂಡ ವಿಧಿಸುತ್ತದೆ, ಪುನಃ ತಪ್ಪು ಮಾಡಿದರೆ ಪರವಾನಗಿ ವಶಪಡಿಸಿಕೊಳ್ಳಲೂ ಅವಕಾಶ ಕೊಡುತ್ತದೆ. ಹಾಗೆ ವಶಪಡಿಸಿಕೊಂಡದ್ದನ್ನು ನಾನಂತೂ ಕಂಡಿಲ್ಲ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50ರಷ್ಟು ರಿಯಾಯಿತಿ ಕೊಟ್ಟಾಗ, ನಿಯತ್ತಾಗಿ ಮೊದಲೇ ಕಟ್ಟಿದ್ದ ನನ್ನಂಥವರು ಪೆದ್ದರಾದೆವು!

ಉತ್ತರ – ಯಲಹಂಕದಿಂದ
ನಾನು ಟ್ಯಾಕ್ಸಿ ಚಾಲಕ. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆಂದು, ಅಂದರೆ ಮೊಬೈಲ್ ನೋಡಿ ತಲೆಯೆತ್ತುವಷ್ಟರಲ್ಲಿ ಎರಡು ಬಸ್ಸಿನ ಉದ್ದ ದಾಟಿರುತ್ತೇನೆಂದು, ನನಗೆ ಯಾರೂ ಕಲಿಸಿರಲಿಲ್ಲ. ತರಗತಿಗೆ ಬರಲು ಸಿದ್ಧ, ಆದರೆ ಅರ್ಧ ದಿನದ ಬಾಡಿಗೆ ಬಿಡುವುದು ಕಷ್ಟ.

ಪ್ರಶ್ನೆ ಕೇಳಿದವರು
ಭಾನುವಾರ ಬೆಳಿಗ್ಗೆ ಇಟ್ಟರೆ?

ಯಲಹಂಕದಿಂದ
ಭಾನುವಾರವೇ ನಮಗೆ ಹೆಚ್ಚು ಬಾಡಿಗೆ ಸ್ವಾಮಿ, ಮಂಗಳವಾರ ಇಡಿಸಿ.