ದೊಡ್ಡ ಆಫ್‌ರೋಡ್ ಗಾಡಿ: ಪೆಟ್ಟಿಗೆಯಂಥ ಮೈಕಟ್ಟಿನಲ್ಲಿ ಕೆಲಸಕ್ಕೆ ಬರುವುದೆಷ್ಟು, ನೋಟಕ್ಕೆ ಇರುವುದೆಷ್ಟು?

ಕಲ್ಲುಹಾದಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮದು ಐದು ಜನರ ಕುಟುಂಬ. ಡಾಂಬರು ಮುಗಿದ ಮೇಲೂ ಬಹಳ ದೂರ ಹೋಗಬೇಕಾದ ಕೆಲಸ ನನಗೆ ವರ್ಷಕ್ಕೆ ಹಲವು ಬಾರಿ ಬರುತ್ತದೆ. ಉರುಳುಗಲ್ಲಿನ ಏರು, ಮಳೆ ಬಂದರೆ ತುಂಬಿ ಹರಿಯುವ ಹಳ್ಳ, ಗಾಲಿ ಹೂತುಹೋಗುವ ಕೆಸರು ಎಲ್ಲವೂ ಆ ದಾರಿಯಲ್ಲಿವೆ. ಉಳಿದ ದಿನಗಳಲ್ಲಿ ಗಾಡಿ ಓಡುವುದು ಸಾಮಾನ್ಯ ರಸ್ತೆಯಲ್ಲೇ. ಈಗ ದೊಡ್ಡ ಗಾಡಿಯೊಂದನ್ನು ಕೊಳ್ಳಬೇಕೆಂದಿದ್ದೇನೆ. ನೋಡಿದವುಗಳಲ್ಲಿ ಮನಸ್ಸು ಹಿಡಿದದ್ದು ನೇರ ಗೆರೆಗಳ, ಎತ್ತರದ ಬಾನೆಟ್ಟಿನ, ಪೆಟ್ಟಿಗೆಯಂಥ ಮೈಕಟ್ಟಿನ ಒಂದು ಗಾಡಿ. ಅದನ್ನು ನೋಡಿದರೆ ಯಾವ ದಾರಿಗೂ ಹೆದರದು ಅನ್ನಿಸುತ್ತದೆ.

ಆದರೆ ಪರೀಕ್ಷೆಗೆಂದು ತಂದ ದಿನ ಒಂದು ಪ್ರಯೋಗ ಮಾಡಿದೆ. ಬಾನೆಟ್ಟಿನ ಮುಂದೆ ಮೊಣಕಾಲೆತ್ತರದ ಒಂದು ಬಕೆಟ್ ಇಟ್ಟು ಡ್ರೈವರ್ ಸೀಟಿನಲ್ಲಿ ಕುಳಿತರೆ ಅದು ಕಾಣಲಿಲ್ಲ. ನನ್ನ ಮಗಳು ಅದನ್ನು ಗಾಡಿಯಿಂದ ಒಂದೊಂದೇ ಹೆಜ್ಜೆ ದೂರಕ್ಕೆ ಎಳೆಯುತ್ತ ಹೋದಳು. ಏಳನೆಯ ಹೆಜ್ಜೆಗೆ ಬಕೆಟ್ಟಿನ ಬಾಯಿ ಕಂಡಿತು. ಅಲ್ಲಿಯವರೆಗೆ ನನಗೆ ಕಾಣುತ್ತಿದ್ದುದು ಮಗಳ ತಲೆ ಮಾತ್ರ. ಆಗಿನಿಂದ ಮನಸ್ಸು ಹೊಯ್ದಾಡುತ್ತಿದೆ. ಈ ಬಗೆಯ ಗಾಡಿಗಳ ರೂಪದಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಯಾವುದು, ಬರೀ ಗತ್ತಿಗಾಗಿ ಇರುವುದು ಯಾವುದು ಎಂಬುದನ್ನು ಅನುಭವಸ್ಥರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಹಳೆಗೇರು:

ನೀವು ಮಾಡಿದ ಬಕೆಟ್ ಪ್ರಯೋಗವನ್ನು ಗಾಡಿ ಕೊಳ್ಳುವ ಪ್ರತಿಯೊಬ್ಬರೂ ಮಾಡಬೇಕು. ನಿಮ್ಮ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಪೆಟ್ಟಿಗೆಯ ಆಕಾರ ಎಲ್ಲಿಂದ ಬಂತೆಂದು ಮೊದಲು ನೋಡಬೇಕಾಗುತ್ತದೆ. 1948ರಲ್ಲಿ ಲ್ಯಾಂಡ್ ರೋವರ್ ಹೊರಬಂದಾಗ ಮಹಾಯುದ್ಧ ಮುಗಿದು ಮೂರೇ ವರ್ಷವಾಗಿತ್ತು; ಬ್ರಿಟನ್ನಿನಲ್ಲಿ ಉಕ್ಕಿಗೆ ಅಭಾವವಿದ್ದುದರಿಂದ ಮೈಯ ತಗಡುಗಳನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದರು, ದುಬಾರಿ ಅಚ್ಚುಗಳು ಬೇಡವೆಂದು ಆ ತಗಡುಗಳನ್ನು ಆದಷ್ಟು ಚಪ್ಪಟೆಯಾಗಿಯೇ ಉಳಿಸಿಕೊಂಡರು. ಅದನ್ನು ಯಾರೂ ಅಂದಕ್ಕಾಗಿ ಮಾಡಿರಲಿಲ್ಲ. ಆದರೆ ಚಪ್ಪಟೆ ತಗಡು ನೆಗ್ಗಿದರೆ ಸುತ್ತಿಗೆ ಹಿಡಿದವರು ಯಾರಾದರೂ ನೆಟ್ಟಗೆ ಮಾಡಬಹುದಿತ್ತು, ಚಪ್ಪಟೆ ಗಾಜು ಒಡೆದರೆ ಎಲ್ಲಿ ಬೇಕಾದರೂ ಕತ್ತರಿಸಿ ಕೂರಿಸಬಹುದಿತ್ತು, ಮತ್ತು ಗಾಡಿಯ ನಾಲ್ಕು ಮೂಲೆಗಳು ಎಲ್ಲಿವೆ ಎಂಬುದು ಓಡಿಸುವವನಿಗೆ ಗೊತ್ತಾಗುತ್ತಿತ್ತು.

ನನ್ನ ದೃಷ್ಟಿಯಲ್ಲಿ ಇವುಗಳಲ್ಲಿ ಕೊನೆಯದೇ ಮುಖ್ಯ. 1979ರಿಂದ ಬರುತ್ತಿರುವ ಮರ್ಸಿಡಿಸ್ ಜಿ ಕ್ಲಾಸ್‌ನಲ್ಲಿ ಮುಂದಿನ ಇಂಡಿಕೇಟರ್‌ಗಳು ಮಡ್‌ಗಾರ್ಡಿನ ತಲೆಯ ಮೇಲೆ ಎದ್ದು ನಿಂತಿವೆ. ಅವನ್ನು ನೋಡಿಕೊಂಡೇ ಇಕ್ಕಟ್ಟಿನಲ್ಲಿ ಮೂಲೆಯನ್ನು ಅಂದಾಜು ಮಾಡಬಹುದು. 2021ರ ಫೋರ್ಡ್ ಬ್ರಾಂಕೊದಲ್ಲಿ ಬಾನೆಟ್ಟಿನ ಎರಡು ಅಂಚಿಗೆ ಚಿಕ್ಕ ಕೊಂಬಿನಂಥ ಗುರುತುಗಳಿವೆ, ಅವುಗಳಿಗೆ ಹಗ್ಗವನ್ನೂ ಕಟ್ಟಬಹುದು. ಕನ್ನಡಿಗಳನ್ನು ಬಾಗಿಲಿಗೆ ಹಾಕದೆ ಮೈಗೇ ಕೂರಿಸಿರುವುದರಿಂದ ಬಾಗಿಲು ಕಳಚಿಟ್ಟು ಓಡಿಸಿದರೂ ಹಿಂದಿನದು ಕಾಣುತ್ತದೆ. ಅಂದ ಮತ್ತು ಉಪಯೋಗ ಒಂದೇ ವಸ್ತುವಿನಲ್ಲಿ ಸೇರುವುದೆಂದರೆ ಇದೇ.

ಇದಕ್ಕೆ ವಿರುದ್ಧದ ಉದಾಹರಣೆಯೂ ಇದೆ. 2006ರಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಎಫ್‌ಜೆ ಕ್ರೂಸರ್ ಕೆಳಗಿನ ಯಂತ್ರಭಾಗದಲ್ಲಿ ಬಹಳ ಗಟ್ಟಿಯಾದ ಗಾಡಿ. ಆದರೆ ತನ್ನದೇ ಹಳೆಯ ಗಾಡಿಯಾದ ಎಫ್‌ಜೆ 40ರ ಮುಖಭಾವವನ್ನು ತರಬೇಕೆಂದು ಮುಂದಿನ ಗಾಜನ್ನು ಅಗಲ ಹೆಚ್ಚಿಸಿ, ಎತ್ತರ ತಗ್ಗಿಸಿ ಮಾಡಿದ್ದರಿಂದ ಅದನ್ನು ಒರೆಸಲು ಮೂರು ವೈಪರ್‌ಗಳು ಬೇಕಾದವು. ಚಾವಣಿ ಹೊರುವ ಹಿಂಬದಿಯ ಕಂಬಗಳು ಎಷ್ಟು ದಪ್ಪವೆಂದರೆ ಹಿಂದಿನ ಮೂಲೆಯ ಕಲ್ಲನ್ನು ನೋಡಲು ಇಳಿಯದೆ ವಿಧಿಯಿಲ್ಲ. ರೂಪವನ್ನು ಮೊದಲು ಗೊತ್ತುಮಾಡಿಕೊಂಡು ಉಪಯೋಗವನ್ನು ಆಮೇಲೆ ಹೊಂದಿಸಲು ಹೋದರೆ ಹೀಗಾಗುತ್ತದೆ. ನಿಮ್ಮ ಎತ್ತರದ ಬಾನೆಟ್ಟಿನ ಕಥೆಯೂ ಅದೇ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ಟಿನ ಮುಂದಿನ ಅಂಚು 40 ಇಂಚಿಗಿಂತ ಎತ್ತರವಿರುವ ಗಾಡಿಗಳು ಪಾದಚಾರಿಗಳಿಗೆ ಬಡಿದಾಗ ಸಾವು ಸಂಭವಿಸುವ ಸಾಧ್ಯತೆ, 30 ಇಂಚು ಅಥವಾ ಅದಕ್ಕಿಂತ ಕಡಿಮೆ ಎತ್ತರದ ಇಳಿಜಾರು ಮುಖದ ಗಾಡಿಗಳಿಗಿಂತ ಸುಮಾರು ಶೇಕಡಾ 45ರಷ್ಟು ಹೆಚ್ಚು. ಇದನ್ನು ಓದಿದ ಮೇಲೆ ಎತ್ತರದ ಮೂತಿಯನ್ನು ಬರೀ ಅಭಿರುಚಿಯ ವಿಷಯವೆಂದು ನಾನು ತಳ್ಳಿಹಾಕಲಾರೆ.

ಗಾಳಿಮಾಪಕ:

ಮೈಕಟ್ಟಿನ ಮಾತು ಹಾಗಿರಲಿ, ಅಂದಕ್ಕಾಗಿ ಉಪಯೋಗವನ್ನು ಬಲಿಕೊಡುವುದು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಗಾಲಿಯಲ್ಲಿ. ಲೆಕ್ಕವನ್ನೇ ನೋಡಿ. 265/70 ಆರ್ 17 ಟೈರಿನ (265 ಎಂದರೆ ಮಿಲಿಮೀಟರಿನಲ್ಲಿ ಅಗಲ, 70 ಎಂದರೆ ಆ ಅಗಲದ ಶೇಕಡಾ 70ರಷ್ಟು ಪಕ್ಕದ ಎತ್ತರ, 17 ಎಂದರೆ ಇಂಚಿನಲ್ಲಿ ರಿಮ್ಮಿನ ಅಳತೆ) ಪಕ್ಕದ ರಬ್ಬರ್ ಗೋಡೆ ಸುಮಾರು 186 ಮಿಲಿಮೀಟರ್ ಎತ್ತರ. 275/45 ಆರ್ 22 ಟೈರಿನದು ಸುಮಾರು 124 ಮಿಲಿಮೀಟರ್. ಎರಡರ ಒಟ್ಟು ವ್ಯಾಸ 803 ಮತ್ತು 806 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದೇ. ದೊಡ್ಡ ರಿಮ್ಮಿನಿಂದ ಗಾಡಿ ಒಂದು ಕೂದಲೆಳೆಯಷ್ಟೂ ಮೇಲೇರಿದಂತಾಗಲಿಲ್ಲ, ಕಳೆದುಹೋದದ್ದು ಮಾತ್ರ ಆರು ಸೆಂಟಿಮೀಟರ್ ರಬ್ಬರ್. ಮರಳಿನಲ್ಲೋ ಉರುಳುಗಲ್ಲಿನಲ್ಲೋ ಗಾಳಿಯನ್ನು 18 ಪಿಎಸ್‌ಐವರೆಗೆ ಇಳಿಸಿದಾಗ ಟೈರು ಉದ್ದಕ್ಕೆ ಹರಡಿಕೊಂಡು ನೆಲವನ್ನು ಹಿಡಿಯುತ್ತದಲ್ಲ, ಆ ಹಿಡಿತ ಬರುವುದೇ ಪಕ್ಕದ ಗೋಡೆ ಬಾಗುವುದರಿಂದ. ಬಾಗಲು ರಬ್ಬರೇ ಇಲ್ಲದಿದ್ದರೆ ಕಲ್ಲಿನ ಪೆಟ್ಟು ನೇರವಾಗಿ ರಿಮ್ಮಿಗೆ ಬೀಳುತ್ತದೆ.

ಇದು ನನಗೆ ಪೆಟ್ಟು ತಿಂದು ಗೊತ್ತಾದ ಸಂಗತಿ. ಹಿಂದಿನ ಗಾಡಿಗೆ 20 ಇಂಚಿನ ರಿಮ್ ಹಾಕಿಸಿಕೊಂಡಿದ್ದೆ. ಏರಿನ ಅರ್ಧಕ್ಕೆ ಹೋದಾಗ ಅಂಗೈಯಗಲದ ಒಂದು ಚೂಪುಗಲ್ಲು ಟೈರಿನ ಪಕ್ಕವನ್ನು ಸೀಳಿ, ರಿಮ್ಮಿನ ತುಟಿಯನ್ನು ಒಳಕ್ಕೆ ಮಡಚಿತು. ಡಿಕ್ಕಿಯಲ್ಲಿದ್ದುದು ತಾತ್ಕಾಲಿಕ ಬಳಕೆಯ ತೆಳು ಸ್ಟೆಪ್ನಿ. ಅದನ್ನು ಹಾಕಿಕೊಂಡು ಜೀವ ಕೈಯಲ್ಲಿ ಹಿಡಿದು ಇಳಿದು ಬಂದರೆ, ಅಲ್ಲಿನ ಅಂಗಡಿಗಳಲ್ಲಿ ಆ ಅಳತೆಯ ಟೈರೇ ಇರಲಿಲ್ಲ. ಎರಡು ದಿನ ಕಾದೆ. ಆದ್ದರಿಂದ ನೀವು ಯಾವ ಗಾಡಿ ಕೊಂಡರೂ, ಬ್ರೇಕಿಗೆ ಹೊಂದುವ ಅತಿ ಚಿಕ್ಕ ರಿಮ್ ಯಾವುದೆಂದು ಮೊದಲು ಕೇಳಿ, ಸ್ಟೆಪ್ನಿ ಪೂರ್ಣ ಅಳತೆಯದೇ ಎಂದು ಕಣ್ಣಾರೆ ನೋಡಿ.

ಎರಡುದಾರಿ:

ಹಳೆಗೇರು ಸರ್ ಬರೆದುದರಲ್ಲಿ ಬಹುಪಾಲನ್ನು ಒಪ್ಪುತ್ತೇನೆ. ಆದರೆ ಹಳೆಯ ರೂಪವೆಂದರೆ ಉಪಯೋಗ, ಹೊಸ ರೂಪವೆಂದರೆ ಶೋಕಿ ಎಂಬ ಅರ್ಥ ಅದರಿಂದ ಹೊರಡಬಾರದು. ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್‌ನ ತಯಾರಿಕೆ 2016ರ ಜನವರಿಯಲ್ಲಿ ನಿಂತಿತು. 2019ರಲ್ಲಿ ಬಂದ ಹೊಸದು ಲ್ಯಾಡರ್ ಫ್ರೇಮ್ (ಮೈಯನ್ನು ಹೊರುವ ಏಣಿಯಂಥ ಪ್ರತ್ಯೇಕ ಚೌಕಟ್ಟು) ಬಿಟ್ಟು ಮಾನೊಕಾಕ್ ಮೈಗೆ (ಮೈಯೇ ಚೌಕಟ್ಟಾಗಿರುವ ರಚನೆಗೆ) ಹೋದಾಗ, ಮೂಲೆಗಳನ್ನು ದುಂಡಗೆ ಮಾಡಿಕೊಂಡಾಗ, ಇದು ಆಟಿಕೆಯಾಯಿತು ಎಂದು ಬಹಳ ಜನ ನೊಂದುಕೊಂಡರು. ನೀರಿನಲ್ಲಿ ಇಳಿಯುವ ಆಳ ಹಳೆಯದಕ್ಕೆ 500 ಮಿಲಿಮೀಟರ್ ಇದ್ದದ್ದು ಏರ್ ಸಸ್ಪೆನ್ಷನ್ (ಗಾಳಿಯ ಒತ್ತಡದಿಂದ ಗಾಡಿಯನ್ನು ಎತ್ತುವ ವ್ಯವಸ್ಥೆ) ಇರುವ ಹೊಸದರಲ್ಲಿ 900ಕ್ಕೆ ಏರಿದೆ. ಹಳ್ಳ ದಾಟುವವನಿಗೆ ಬೇಕಾದ್ದು ಆ ಸಂಖ್ಯೆ. ಆದರೆ ಅದೇ ಗಾಡಿಯಲ್ಲಿ ಹಿಂಬದಿಯ ಪಕ್ಕದ ಗಾಜಿನ ಮೇಲೆ ಮೈಬಣ್ಣದ ಚೌಕದ ಫಲಕವೊಂದನ್ನು ಕೂರಿಸಿದ್ದಾರೆ. ಅದರಿಂದ ನೋಟಕ್ಕೆ ಅಡ್ಡಿಯಾಗುವುದನ್ನು ಬಿಟ್ಟರೆ ನನಗೆ ಬೇರೆ ಪ್ರಯೋಜನ ಕಾಣುವುದಿಲ್ಲ.

ಒಂದೇ ಗಾಡಿಯಲ್ಲಿ ಎರಡೂ ಇರುತ್ತವೆ ಎಂಬುದೇ ನನ್ನ ಮಾತು. ಇಡೀ ಗಾಡಿಗೆ ಒಂದು ಹಣೆಪಟ್ಟಿ ಹಚ್ಚದೆ ಬಿಡಿಬಿಡಿಯಾಗಿ ನೋಡಬೇಕು. 2023ರ ಟೊಯೋಟಾ ಲ್ಯಾಂಡ್ ಕ್ರೂಸರ್ 250ರ ಬಂಪರ್ ಮೂಲೆಗಳನ್ನು ಬೇರೆ ತುಂಡುಗಳಾಗಿ ಮಾಡಿದ್ದಾರೆ, ಕಲ್ಲಿಗೆ ತಗುಲಿದರೆ ಆ ತುಂಡನ್ನಷ್ಟೇ ಬದಲಿಸಬಹುದು. ಹೆಡ್‌ಲೈಟ್‌ಗಳನ್ನೂ ಪೆಟ್ಟು ಬೀಳುವ ಅಂಚಿನಿಂದ ಒಳಕ್ಕೆ ಸರಿಸಿದ್ದಾರೆ. ನೋಡಲೂ ಚೆನ್ನಾಗಿದೆ. ಅಂದವನ್ನು ಬಯಸುವುದು ತಪ್ಪೇನಲ್ಲ. ಹತ್ತು ವರ್ಷ ಜೊತೆಗಿರುವ ಗಾಡಿಯನ್ನು ಬೆಳಿಗ್ಗೆ ನೋಡಿದಾಗ ಖುಷಿಯಾಗಬೇಕು. ಆ ಖುಷಿಗಾಗಿ ನೆಲಕ್ಕೆ ಹತ್ತಿರ ಇಳಿಯುವ, ಬಣ್ಣ ಬಳಿದ ಅಗಲವಾದ ಬಂಪರನ್ನು ಮಾತ್ರ ಒಪ್ಪಿಕೊಳ್ಳಬೇಡಿ. ಏರು ಶುರುವಾಗುವಲ್ಲಿ ಮೊದಲು ತಾಗುವುದೇ ಅದು.

ಹೊರೆಗಾಡಿ:

ಡಿಕ್ಕಿ, ಹಿಂಬಾಗಿಲುಗಳ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಎರಡು ಮಾತು. ಹಿಂದಿನ ಗಾಜು ಓರೆಯಾದಷ್ಟೂ ಡಿಕ್ಕಿಯ ಮೇಲ್ಭಾಗದ ಜಾಗ ಹೋಗುತ್ತದೆ. ಐದು ಜನರ ಹಾಸಿಗೆ, ಪಾತ್ರೆ, ನೀರಿನ ಕ್ಯಾನ್ ಇಡುವಾಗ ಅದರ ಬೆಲೆ ತಿಳಿಯುತ್ತದೆ. ಸ್ಟೆಪ್ನಿಯನ್ನು ಹಿಂಬಾಗಿಲಿಗೆ ನೇತುಹಾಕುವುದು ಠೀವಿಯಾಗಿ ಕಾಣುತ್ತದೆ, ಉಪಯೋಗವೂ ಇದೆ, ಏಕೆಂದರೆ ಗಾಡಿ ಕೆಸರಿನಲ್ಲಿ ಹೂತಾಗ ಹೊಟ್ಟೆಯ ಕೆಳಗಿನ ಸ್ಟೆಪ್ನಿಯನ್ನು ತೆಗೆಯುವುದು ನರಕಯಾತನೆ. ಆದರೆ ಪಕ್ಕಕ್ಕೆ ತೆರೆಯುವ ಆ ಭಾರದ ಬಾಗಿಲಿಗೆ ಹಿಂದೆ ಅಷ್ಟೇ ಜಾಗ ಬೇಕು. ಇನಿಯೋಸ್ ಗ್ರೆನೇಡಿಯರ್‌ನಲ್ಲಿ ಆ ಬಾಗಿಲನ್ನು 30:70 ಅನುಪಾತದಲ್ಲಿ ಸೀಳಿ ಎರಡು ಮಾಡಿದ್ದಾರೆ, ಚಿಕ್ಕದನ್ನಷ್ಟೇ ತೆರೆದು ಚೀಲ ಎಳೆದುಕೊಳ್ಳಬಹುದು. ಇನ್ನು ಚಾವಣಿಯ ಮೇಲಿನ ರ‍್ಯಾಕು: ಅಲ್ಲಿ ಭಾರ ಹೆಚ್ಚಿದಷ್ಟೂ ಓರೆ ದಾರಿಯಲ್ಲಿ ಗಾಡಿ ಮಗುಚುವ ಭಯ ಹೆಚ್ಚು. ಹಾಸಿಗೆಯಂಥ ಹಗುರದ್ದು ಮೇಲೆ, ನೀರು ಮತ್ತು ಸಲಕರಣೆ ಕೆಳಗೆ. ನೆಲಕ್ಕೆ ಕಾರ್ಪೆಟ್ ಬೇಡ, ತೊಳೆಯಲು ಬರುವ ರಬ್ಬರ್ ಹಾಸು ಇರಲಿ.

ಕಲ್ಲುಹಾದಿ:

ಎಲ್ಲರಿಗೂ ಕೃತಜ್ಞತೆಗಳು. ಇದನ್ನೆಲ್ಲ ಓದಿದ ಮೇಲೆ ಮತ್ತೆ ಆ ಗಾಡಿಯ ಬಳಿ ಹೋಗಿದ್ದೆ. ಮುಂದಿನ ಕ್ಯಾಮೆರಾ ಹಾಕಿದರೆ ಬಕೆಟ್ ಸ್ಪಷ್ಟವಾಗಿ ಕಾಣುತ್ತದೆ ಎಂದು ತೋರಿಸಿದರು, ಕಂಡಿತು ಕೂಡ. ಒಂದು ಹಿಡಿ ಕೆಸರನ್ನು ನೀರಿನಲ್ಲಿ ಕಲಸಿ ಕ್ಯಾಮೆರಾದ ಕಣ್ಣಿಗೆ ಸವರಿ ನೋಡಬಹುದೇ ಎಂದು ಕೇಳಿದೆ. ಅವರು ಒಪ್ಪಿದರು, ಪರದೆಯ ಮೇಲೆ ಕಂದು ಬಣ್ಣ ಬಿಟ್ಟರೆ ಏನೂ ಉಳಿಯಲಿಲ್ಲ. ನಾನು ಹೋಗುವ ದಾರಿಯಲ್ಲಿ ಮೊದಲ ಹಳ್ಳ ದಾಟುವಷ್ಟರಲ್ಲಿ ಅದೇ ಸ್ಥಿತಿ ಬರುತ್ತದೆ.

ಪಕ್ಕದಲ್ಲಿದ್ದ ಇನ್ನೊಂದು ಗಾಡಿಗೂ ಅದೇ ಬಕೆಟ್ ಇಟ್ಟೆವು. ಅದೂ ಪೆಟ್ಟಿಗೆಯಂಥದ್ದೇ, ಬಾನೆಟ್ ಮಾತ್ರ ತಗ್ಗು. ಮಗಳ ಮೂರನೆಯ ಹೆಜ್ಜೆಗೆ ಬಕೆಟ್ ಕಂಡಿತು. ಅದನ್ನೇ 17 ಇಂಚಿನ ರಿಮ್ಮಿನೊಂದಿಗೆ ಬರೆಸಿದ್ದೇನೆ. ಸ್ಟೆಪ್ನಿ ಪೂರ್ಣ ಅಳತೆಯದು, ಆದರೆ ಹೊಟ್ಟೆಯ ಕೆಳಗಿದೆ. ಅದನ್ನು ಹಿಂಬಾಗಿಲಿಗೆ ಸ್ಥಳಾಂತರಿಸಿಕೊಂಡವರು ಇಲ್ಲಿದ್ದರೆ, ಬಾಗಿಲಿನ ಕೀಲುಗಳು ಆ ಭಾರವನ್ನು ಎಷ್ಟು ಕಾಲ ತಡೆದವೆಂದು ದಯವಿಟ್ಟು ಬರೆಯಿರಿ.