ಸುತ್ತಲಿನ ರೈತರ ಸಲಹೆ ಪುರಸಭೆಯ ಸಭಾಂಗಣವನ್ನು ತಲುಪುವುದು ಹೇಗೆ?

ಪ್ರಶ್ನೆ | ಕೆಳಭಾಗದ ರೈತ, ಕೊಪ್ಪಳ ಜಿಲ್ಲೆ

ಮಾನ್ಯರೇ,

ನಮ್ಮದು ತುಂಗಭದ್ರಾ ಎಡದಂಡೆ ನಾಲೆಯ ಬದಿಯಲ್ಲಿರುವ ಒಂದು ಪಟ್ಟಣಕ್ಕೆ ಅಂಟಿಕೊಂಡ ಹಳ್ಳಿ. ಪಟ್ಟಣದಲ್ಲಿ ಕೈಗೊಳ್ಳುವ ಸಣ್ಣ ತೀರ್ಮಾನವೂ ನಮ್ಮ ಗದ್ದೆಗೆ ಬಂದು ಮುಟ್ಟುತ್ತದೆ. ಬಡಾವಣೆಯ ರಸ್ತೆಗೆ ಮರಂ ಹಾಕಿದರೆ ಹೊಲಗಾಲುವೆ ಮುಚ್ಚಿಹೋಗುತ್ತದೆ. ಚರಂಡಿಯನ್ನು ಹಳ್ಳಕ್ಕೆ ತಿರುಗಿಸಿದರೆ, ಆ ಹಳ್ಳಕ್ಕೆ ಮೋಟಾರು ಇಟ್ಟಿರುವ ನಾವು ಅದೇ ನೀರನ್ನು ಸಸಿಮಡಿಗೆ ಹಾಯಿಸಬೇಕಾಗುತ್ತದೆ. ಸಂತೆಯ ಜಾಗ ಬದಲಾದರೆ ನಸುಕಿನಲ್ಲಿ ಸೊಪ್ಪಿನ ಗಂಟು ಹೊತ್ತು ಬರುವ ಹೆಣ್ಣುಮಕ್ಕಳಿಗೆ ಎಲ್ಲಿ ಕೂರಬೇಕೆಂಬುದೇ ತಿಳಿಯುವುದಿಲ್ಲ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಸಾಗುವಳಿ ಭೂಮಿಯನ್ನು ಮೀಸಲಿಡುವ ಕಾನೂನು 1973ರಲ್ಲೇ ಬಂದಿದ್ದು, ಅಲ್ಲಿನ ಡೆಲ್ಟಾ, ರಿಚ್ಮಂಡ್ ಮುಂತಾದ ನಗರಗಳ ಆಡಳಿತ ಮಂಡಳಿಗಳು ರೈತರನ್ನು ಸದಸ್ಯರನ್ನಾಗಿ ಮಾಡಿಕೊಂಡ ಕೃಷಿ ಸಲಹಾ ಸಮಿತಿಗಳನ್ನು ನೇಮಿಸಿಕೊಂಡಿವೆ ಎಂದು ಓದಿದೆ. ನಮ್ಮ ಪುರಸಭೆಗಳಲ್ಲಿ ಅಂಥ ಸಮಿತಿಗೆ ಅವಕಾಶವಿದೆಯೇ? ಇಲ್ಲವಾದರೆ ನಮ್ಮಂಥವರು ಯಾವ ಸಭೆಯಲ್ಲಿ, ಯಾವ ಹೊತ್ತಿನಲ್ಲಿ ಮಾತನಾಡಬೇಕು? ಊರಿನ ಹಿರಿಯರೊಂದಿಗೆ ಹೋಗಿ ಕೊಟ್ಟ ಮನವಿಗೆ ಮೊಹರು ಬಿದ್ದಿದೆಯೇ ಹೊರತು ಉತ್ತರ ಬಂದಿಲ್ಲ.

ಉತ್ತರ 1 | ಹಳೇ ಕಡತ, ರಾಯಚೂರು ಜಿಲ್ಲೆ

ನಾನು ನಗರ ಸ್ಥಳೀಯ ಸಂಸ್ಥೆಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ನೇರವಾಗಿ ಹೇಳುವುದಾದರೆ, 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಲ್ಲಿ ರೈತರ ಸಲಹಾ ಸಮಿತಿಯನ್ನು ಕಡ್ಡಾಯವಾಗಿ ರಚಿಸಬೇಕೆಂಬ ಏರ್ಪಾಡು ಇಲ್ಲ. ಇದರ ಬೇರು ಸಂವಿಧಾನದಲ್ಲಿದೆ. 73ನೇ ತಿದ್ದುಪಡಿಯಿಂದ ಬಂದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಮೊದಲನೆಯದೇ ಕೃಷಿ, ಅದು ಪಂಚಾಯಿತಿಗಳ ಪಾಲಿನದು. 74ನೇ ತಿದ್ದುಪಡಿಯಿಂದ ಬಂದ ಹನ್ನೆರಡನೇ ಅನುಸೂಚಿಯ 18 ವಿಷಯಗಳಲ್ಲಿ, ಅಂದರೆ ಪುರಸಭೆಗಳ ಪಾಲಿನಲ್ಲಿ, ಕೃಷಿ ಸೇರಿಲ್ಲ. ಅಲ್ಲಿರುವುದು ನಗರ ಯೋಜನೆ, ಭೂಬಳಕೆಯ ನಿಯಂತ್ರಣ, ನೀರು ಸರಬರಾಜು, ನೈರ್ಮಲ್ಯ, ಘನತ್ಯಾಜ್ಯ, ಕೊಂಡವಾಡ, ಕಸಾಯಿಖಾನೆ ಮುಂತಾದವು.

ಆದ್ದರಿಂದ "ವಿಷಯ: ರೈತರ ಕೃಷಿ ಸಮಸ್ಯೆಗಳ ಕುರಿತು" ಎಂದು ಬರೆದ ಮನವಿ ಟಪಾಲಿನಲ್ಲಿ ತೆರೆದುಕೊಂಡ ಕೂಡಲೇ, "ಕೃಷಿ ಇಲಾಖೆಗೆ ಸಂಬಂಧಿಸಿರುತ್ತದೆ" ಎಂಬ ಷರಾದೊಂದಿಗೆ ಪಕ್ಕದ ಕಚೇರಿಗೆ ಹೊರಟುಬಿಡುತ್ತದೆ. ಬರೆಯುವವನಿಗೆ ದುರುದ್ದೇಶವೇನೂ ಇರುವುದಿಲ್ಲ. ಅವನ ಮುಂದಿರುವ ವಿಷಯವಾರು ಕಡತಗಳಲ್ಲಿ ಆ ಕಾಗದಕ್ಕೆ ಜಾಗವಿಲ್ಲ, ಅಷ್ಟೆ. ಅದೇ ಸಂಗತಿಯನ್ನು "ಇಂಥ ವಾರ್ಡಿನ ಮಳೆನೀರು ಚರಂಡಿಯ ಹೊರಹರಿವು ಸರ್ವೆ ನಂಬರ್ ಇಂತಿಷ್ಟರ ಬಸಿಗಾಲುವೆಗೆ ಸೇರುತ್ತಿರುವ ಕುರಿತು" ಎಂದು ಬರೆದರೆ ಅದು ಅಭಿಯಂತರರ ಮೇಜಿನ ಮೇಲೆ ಕೂರಲೇಬೇಕಾಗುತ್ತದೆ. ರೈತರು ಹೇಳಬೇಕಾದದ್ದನ್ನು ಪುರಸಭೆಯ ಅಧಿಕಾರದೊಳಗಿನ ಕೆಲಸವೊಂದಕ್ಕೆ ಗಂಟು ಹಾಕಿ ಹೇಳಬೇಕು ಎಂಬುದೇ ನನ್ನ ಮುಖ್ಯ ಸಲಹೆ.

ಹೊತ್ತಿನ ಬಗ್ಗೆ ಕೇಳಿದ್ದೀರಿ. ಆಯವ್ಯಯ ಸಿದ್ಧವಾಗುವ ಮುನ್ನ, ಸಾಮಾನ್ಯವಾಗಿ ಡಿಸೆಂಬರ್–ಜನವರಿ ಹೊತ್ತಿಗೆ, ಸಾರ್ವಜನಿಕರ ಸಲಹೆ ಕೇಳಲು ಪೂರ್ವಭಾವಿ ಸಭೆ ಕರೆಯುತ್ತಾರೆ. ಅಲ್ಲಿ ವರ್ತಕರೂ ಸಂಘಟನೆಗಳವರೂ ಬರುತ್ತಾರೆ, ರೈತರು ಬರುವುದು ಅಪರೂಪ. ಹಳ್ಳದ ದಂಡೆಗೆ ಗೋಡೆ, ಸಂತೆಯ ಕಟ್ಟೆಗೆ ನೆರಳು, ಕಸ ಬೇರ್ಪಡಿಸುವ ಶೆಡ್ಡು, ಇವೆಲ್ಲಕ್ಕೂ ಅಲ್ಲಿ ಲೆಕ್ಕಶೀರ್ಷಿಕೆ, ಅಂದರೆ ಆಯವ್ಯಯದಲ್ಲಿ ಹಣದ ಬಾಬತ್ತು, ಸಿಕ್ಕರೆ ಮಾತ್ರ ಮುಂದಿನ ವರ್ಷ ಕೆಲಸವಾಗುತ್ತದೆ. ಇನ್ನು ಸಂತೆ ಶುಲ್ಕ ವಸೂಲಿಯ ಹರಾಜು (ನಮ್ಮ ಕಡೆ ಈಗಲೂ ಜಕಾತಿ ಎಂದೇ ಅನ್ನುತ್ತಾರೆ) ಏಪ್ರಿಲ್ 1ಕ್ಕೆ ಮೊದಲು ನಡೆಯುತ್ತದೆ. ತಲೆಹೊರೆಯಲ್ಲಿ ತರುವ ಸೊಪ್ಪಿಗೆ ಎಷ್ಟು, ಟಂಟಂ ಗಾಡಿಯಲ್ಲಿ ಬರುವ ಮೂಟೆಗೆ ಎಷ್ಟು ಎಂಬುದು ಹರಾಜಿನ ಷರತ್ತುಗಳಲ್ಲೇ ಬರೆದಿರಬೇಕು. ಹರಾಜು ಮುಗಿದ ಮೇಲೆ ಗುತ್ತಿಗೆದಾರನೊಡನೆ ಜಗಳಾಡಿ ಪ್ರಯೋಜನವಿಲ್ಲ. ಸಂತೆಯ ಜಾಗ ಬದಲಿಸುವ ಮಾತು ಬಂದಾಗ, 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ರಚನೆಯಾಗುವ ಪಟ್ಟಣ ಮಾರಾಟ ಸಮಿತಿಗೂ ಒಂದು ಪ್ರತಿ ಕೊಡಿ. ಅದರಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕೆಂಬ ನಿಯಮವಿದ್ದು, ಸೊಪ್ಪು ಮಾರುವವರ ಕಷ್ಟ ಅವರಿಗೆ ಬೇಗ ಅರ್ಥವಾಗುತ್ತದೆ.

ಸರ್ಕಾರ ನಾಮನಿರ್ದೇಶನ ಮಾಡುವ ಐದು ಸ್ಥಾನಗಳಲ್ಲಿ ರೈತರೊಬ್ಬರಿರಲಿ ಎಂಬ ಬೇಡಿಕೆಯನ್ನು ಆಗಾಗ ಕೇಳುತ್ತೇನೆ. ಆ ಸದಸ್ಯರಿಗೆ ಮತದಾನದ ಹಕ್ಕಿಲ್ಲ, ಮತ್ತು ಆ ಸ್ಥಾನಗಳು ಯಾರಿಗೆ ಹೋಗುತ್ತವೆಂಬುದು ಎಲ್ಲರಿಗೂ ಗೊತ್ತಿರುವ ವಿಚಾರ. ಅದಕ್ಕಾಗಿ ಶ್ರಮ ವ್ಯಯಿಸಬೇಡಿ.

ಉತ್ತರ 2 | ಗದ್ದೆಬದು, ಸಿರುಗುಪ್ಪ ಕಡೆಯವ

ಹಿರಿಯರು ಹೇಳಿದ್ದು ಸರಿಯೇ, ಆದರೆ ಎಲ್ಲವೂ ಮನವಿಯ ಒಕ್ಕಣೆಯಿಂದ ಆಗುತ್ತದೆಂಬ ನಂಬಿಕೆ ನನಗಿಲ್ಲ. ಸಣ್ಣಪುಟ್ಟ ಕೆಲಸಕ್ಕೆ ಅದು ಸಾಕು. ಬಡಾವಣೆಗಳ ವಿಚಾರಕ್ಕೆ ಸಾಲದು, ಏಕೆಂದರೆ ಅಲ್ಲಿ ಪೆಟ್ಟು ಬೀಳುವುದು ನಕಾಶೆಯ ಮೇಲೆ.

ಅಚ್ಚುಕಟ್ಟಿನ ಭೂಮಿಯಲ್ಲಿ ಎರಡು ಬಗೆಯ ಕಾಲುವೆಗಳಿವೆ. ತೂಬಿನಿಂದ ನೀರು ತರುವ ಹೊಲಗಾಲುವೆ ಒಂದು, ಗದ್ದೆಯಿಂದ ಹೊರಬಂದ ಹೆಚ್ಚುವರಿ ನೀರನ್ನು ಹಳ್ಳಕ್ಕೆ ಒಯ್ಯುವ ಬಸಿಗಾಲುವೆ ಇನ್ನೊಂದು. ಹೊಲಗಾಲುವೆ ಮುಚ್ಚಿದರೆ ರೈತ ಅದೇ ದಿನ ಕೂಗಾಡುತ್ತಾನೆ. ಬಸಿಗಾಲುವೆ ಮುಚ್ಚಿದರೆ ಆ ಹಂಗಾಮಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ನಮ್ಮ ಎರೆಭೂಮಿಯಲ್ಲಿ ನೀರು ನಿಂತು, ಕೆಳಗಿನ ಉಪ್ಪು ಮೇಲೇರಿ, ಕೆಲವು ವರ್ಷಗಳಲ್ಲಿ ಬಿಳಿ ಸವುಳು ಕಾಣಿಸಿಕೊಂಡಾಗಲೇ ಗೊತ್ತಾಗುವುದು. ಅಷ್ಟರಲ್ಲಿ ಮೇಲೆ ಮನೆಗಳೆದ್ದಿರುತ್ತವೆ, ಮತ್ತು ಮೊದಲ ದೊಡ್ಡ ಮಳೆಗೆ ಆ ಮನೆಗಳ ಹೊಸ್ತಿಲಿಗೂ ಅದೇ ನೀರು ಬರುತ್ತದೆ. ಪುರಸಭೆಗೆ ರೈತ ಕೊಡಬಹುದಾದ ನಿಜವಾದ ಸಲಹೆ ಇದೇ ಎಂದು ನಾನು ತಿಳಿದಿದ್ದೇನೆ: ಯಾವ ತಗ್ಗಿನಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ, ಯಾವ ಬದುವಿನ ಕೆಳಗೆ ಹಳೆಯ ಪೈಪು ಹಾದುಹೋಗಿದೆ, ಬಂಡಿದಾರಿ ಎಲ್ಲಿ ಹಳ್ಳ ದಾಟುತ್ತದೆ ಎಂಬುದು ಅಲ್ಲಿ ಉಳುಮೆ ಮಾಡಿದವನಿಗೆ ಗೊತ್ತಿರುವಷ್ಟು ಕಚೇರಿಯ ಯಾವ ಡ್ರಾಯಿಂಗಿಗೂ ಗೊತ್ತಿರುವುದಿಲ್ಲ.

ಇದನ್ನು ಹೇಳಲು ಕಾನೂನಿನ ಬಾಗಿಲು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ. ಯಾವ ಜಾಗ ಯಾವ ಬಳಕೆಗೆ ಎಂದು ಗುರುತಿಸುವ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡನ್ನು ಪ್ರಕಟಿಸಿದ ಮೇಲೆ ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನಗಳ ಅವಕಾಶವಿರುತ್ತದೆ. ಆ ದಿನಗಳಲ್ಲಿ ಭತ್ತದ ಬೆಲೆಯ ಬಗ್ಗೆಯೋ ಗೊಬ್ಬರದ ಕೊರತೆಯ ಬಗ್ಗೆಯೋ ಭಾಷಣ ಮಾಡದೆ, ಗ್ರಾಮದ ನಕಾಶೆಯ ಪ್ರತಿ ತೆಗೆದುಕೊಂಡು, ಹೊಲಗಾಲುವೆಗಳನ್ನು ನೀಲಿಯಲ್ಲಿಯೂ ಬಸಿಗಾಲುವೆಗಳನ್ನು ಕೆಂಪಿನಲ್ಲಿಯೂ ಗೆರೆ ಎಳೆದು, ಪ್ರತಿ ಗೆರೆಗೆ ಸರ್ವೆ ನಂಬರ್ ಹಾಕಿ ಸಲ್ಲಿಸಬೇಕು. ನಮ್ಮ ಕಡೆ ಕೆಲವರು ಹಾಗೆ ಮಾಡಿದಾಗ ಕಿರಿಯ ಅಭಿಯಂತರರೊಬ್ಬರು ನಕಾಶೆ ಹಿಡಿದುಕೊಂಡು ಬದುವಿನ ಮೇಲೆ ನಡೆದು ಬಂದರು. ಒಂದು ಕೆಂಪು ಗೆರೆ ರಸ್ತೆಯ ಅಡಿಯಲ್ಲಿ ಹಾದುಹೋಗುವುದನ್ನು ಕಂಡು ಅಲ್ಲಿ ಅಡ್ಡಮೋರಿ ಬೇಕೆಂದು ಸ್ಥಳದಲ್ಲೇ ಬರೆದುಕೊಂಡರು. ಉಳಿದ ಗೆರೆಗಳು ಏನಾದವೆಂದು ಕೇಳಬೇಡಿ.

ಉತ್ತರ 3 | ಎರೆಮಣ್ಣು, ರಾಯಚೂರು

ಕಸದ ಗೊಬ್ಬರದ ಬಗ್ಗೆ ಯಾರೂ ಬರೆಯದ ಕಾರಣ ಒಂದೆರಡು ಮಾತು. ಪಟ್ಟಣದ ಹಸಿ ಕಸದಿಂದ ಮಾಡಿದ ಗೊಬ್ಬರವನ್ನು ರೈತರು ಕೊಳ್ಳುತ್ತಿಲ್ಲವೆಂದು ಸ್ಥಳೀಯ ಸಂಸ್ಥೆಗಳವರು ದೂರುತ್ತಾರೆ. ಏಕೆ ಕೊಳ್ಳುತ್ತಿಲ್ಲವೆಂದು ರೈತರನ್ನು ಕೇಳುವವರು ಕಡಿಮೆ. ಭತ್ತದ ನಾಟಿಗೆ ಹೆಣ್ಣುಮಕ್ಕಳು ಬರಿಗಾಲಲ್ಲಿ ಕೆಸರಿಗೆ ಇಳಿಯುತ್ತಾರೆ. ಗೊಬ್ಬರದಲ್ಲಿ ಒಂದು ಗಾಜಿನ ಚೂರೋ ಬ್ಲೇಡಿನ ತುಂಡೋ ಸಿಕ್ಕಿತೆಂದರೆ, ಮರುವರ್ಷ ಆ ಹೊಲಕ್ಕೆ ಕೂಲಿಯ ತಂಡ ಬರುವುದಿಲ್ಲ. ಆದುದರಿಂದ ಪುರಸಭೆಗೆ ರೈತರು ಕೊಡಬೇಕಾದ ಮೊದಲ ಸಲಹೆ ಜರಡಿಯ ಬಗ್ಗೆ ಮತ್ತು ಮನೆಯಲ್ಲೇ ಕಸ ಬೇರ್ಪಡಿಸುವುದರ ಬಗ್ಗೆ ಇರಬೇಕು.

ಎರಡನೆಯದು ಉಪ್ಪಿನ ಮಾತು. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಗೊಬ್ಬರದ ವಿದ್ಯುತ್ ವಾಹಕತೆ (ಉಪ್ಪಿನಂಶವನ್ನು ಅಳೆಯುವ ಬಗೆ) ಮೀಟರಿಗೆ 4 ಡೆಸಿಸೀಮನ್ಸ್ ಮೀರಬಾರದು, ಸೀಸದ ಅಂಶ ಕಿಲೋಗೆ 100 ಮಿಲಿಗ್ರಾಂ ಮೀರಬಾರದು. ಈಗಾಗಲೇ ಸವುಳು ಹಿಡಿಯುತ್ತಿರುವ ಭೂಮಿಗೆ ಹಾಕುವ ಗೊಬ್ಬರದ ಪರೀಕ್ಷಾ ವರದಿಯನ್ನು ಕೇಳುವುದು ರೈತನ ಹಕ್ಕು. ಸವುಳು ಭೂಮಿಯ ಸಂಶೋಧನೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲೇ ನಡೆಯುತ್ತಿರುವಾಗ, ಪುರಸಭೆಯವರು ಅಲ್ಲಿನ ವಿಜ್ಞಾನಿಗಳನ್ನೂ ನಾಲ್ಕು ಜನ ರೈತರನ್ನೂ ಗೊಬ್ಬರದ ಗುಡ್ಡೆಯ ಮುಂದೆ ಒಟ್ಟಿಗೆ ನಿಲ್ಲಿಸುವುದು ಕಷ್ಟದ ಕೆಲಸವಲ್ಲ.

ಪ್ರತಿಕ್ರಿಯೆ | ಕೆಳಭಾಗದ ರೈತ

ಎಲ್ಲರಿಗೂ ಕೃತಜ್ಞತೆಗಳು. ಒಂದು ತೊಡಕು ಉಳಿದಿದೆ. ನಮ್ಮ ಮತ ಇರುವುದು ಗ್ರಾಮ ಪಂಚಾಯಿತಿಯಲ್ಲಿ. ಹೊಲ ಮಾತ್ರ ಪಟ್ಟಣದ ಯೋಜನಾ ಪ್ರದೇಶದೊಳಗೆ ಬಂದಿದೆ. "ನೀವು ನಮ್ಮ ವಾರ್ಡಿನವರಲ್ಲ" ಎಂದು ಸದಸ್ಯರೊಬ್ಬರು ನಗುತ್ತಲೇ ಹೇಳಿ ಕಳಿಸಿದರು. ಹೀಗಿರುವಾಗ ನಮ್ಮ ಆಕ್ಷೇಪಣೆಗೆ ಬೆಲೆಯಿದೆಯೇ?

ಉತ್ತರ 4 | ಹಳೇ ಕಡತ

ಇದೆ. ಸ್ಥಳೀಯ ಯೋಜನಾ ಪ್ರದೇಶದ ಗಡಿ ಪುರಸಭೆಯ ಗಡಿಗಿಂತ ದೊಡ್ಡದಾಗಿದ್ದು ಸುತ್ತಲಿನ ಹಳ್ಳಿಗಳನ್ನೂ ಒಳಗೊಳ್ಳುತ್ತದೆ. ಮಹಾಯೋಜನೆಯ ಮೇಲೆ ಅಭಿಪ್ರಾಯ ಸಲ್ಲಿಸಲು ಪುರಸಭೆಯ ಮತದಾರನಾಗಿರಬೇಕೆಂಬ ನಿಬಂಧನೆಯಿಲ್ಲ. ಸದಸ್ಯರ ಮೇಲೆ ಮುನಿಸು ಬೇಡ, ಮತವಿಲ್ಲದ ಊರಿಗೆ ಅವರು ಉತ್ತರದಾಯಿಗಳಲ್ಲವೆಂಬುದು ನಿಜವೇ. ತಾವು ಗ್ರಾಮ ಪಂಚಾಯಿತಿಯಲ್ಲಿ ಒಂದು ಠರಾವು ಮಾಡಿಸಿ, ಪಹಣಿ ಹಾಗೂ ನಕಾಶೆಯೊಂದಿಗೆ ಯೋಜನಾ ಪ್ರಾಧಿಕಾರಕ್ಕೂ ಪುರಸಭೆಯ ಮುಖ್ಯಾಧಿಕಾರಿಗೂ ಬೇರೆ ಬೇರೆಯಾಗಿ ಸಲ್ಲಿಸಿರಿ. ಕಾಲುವೆಯ ಮಾತಿರುವುದರಿಂದ ಕರ್ನಾಟಕ ನೀರಾವರಿ ನಿಗಮದ ವಿಭಾಗ ಕಚೇರಿಗೂ, ತಮ್ಮ ನೀರು ಬಳಕೆದಾರರ ಸಹಕಾರ ಸಂಘಕ್ಕೂ ಪ್ರತಿ ಹೋಗಲಿ. ಸಭೆಯ ಸೂಚನಾ ಪತ್ರ ಹೊರಡುವ ಮೊದಲೇ ಕೊಟ್ಟರೆ ಕಾರ್ಯಸೂಚಿಯಲ್ಲಿ ಸೇರಿಸುವಂತೆ ಕೇಳಬಹುದು. ಫೋಟೋಗಳನ್ನು ಮಾತ್ರ ನಾಲೆಯಲ್ಲಿ ನೀರು ಹರಿಯುತ್ತಿರುವಾಗಲೇ ತೆಗೆದಿಡಿ. ನಾಲೆ ಬಂದ್ ಆದ ಮೇಲೆ ತೆಗೆದ ಫೋಟೋ ತೋರಿಸಿದರೆ ಇಲ್ಲಿ ಕಾಲುವೆಯೇ ಇರಲಿಲ್ಲವೆಂದು ವಾದಿಸುವವರು ಇದ್ದೇ ಇರುತ್ತಾರೆ.