ಫೈನಲ್ ಫ್ಯಾಂಟಸಿ 14: ಸಸ್ತಾಶಾ ಮುಗಿಸೋ ತನಕ ತೀರ್ಮಾನ ಬೇಡ

ಪ್ರಶ್ನೆ: ಫೈನಲ್ ಫ್ಯಾಂಟಸಿ 14 ಅನ್ನೋ ಆನ್‌ಲೈನ್ ಗೇಮ್‌ನ ಫ್ರೀ ಟ್ರಯಲ್ ಆಡ್ತಿದ್ದೀನಿ. ಗ್ಲ್ಯಾಡಿಯೇಟರ್, ಅಂದ್ರೆ ಶತ್ರುಗಳ ಪೆಟ್ಟು ತನ್ನ ಮೇಲೆ ಎಳೆದುಕೊಳ್ಳೋ ಟ್ಯಾಂಕ್, ಲೆವೆಲ್ 12. ಪಾರ್ಟಿ ಕಟ್ಟಿ ಆಡೋ ಆಟ ಅಂದಿದ್ರು, ಇಲ್ಲಿ ನೋಡಿದ್ರೆ ಬರೀ ಓಡಾಟ, ಓದೋದು, ಅದೇ ಮೂರು ಬಟನ್. ಮುಂದುವರಿಸಲಾ? ಟ್ಯಾಂಕ್ ಆಗಿ ಬೇರೆಯವರ ಜೊತೆ ಹೋಗೋಕೆ ಭಯ. ಬೆಂಗಳೂರಿಂದ ಯಾವ ಸರ್ವರ್ ಒಳ್ಳೇದು?

ಟ್ಯಾಂಕ್ ಆಡುವವರು:

ಇನ್ನು ಮೂರು ಲೆವೆಲ್ ತಡೀರಿ. ಪಾರ್ಟಿ ಆಟ ನಿಜವಾಗಿ ಶುರುವಾಗೋದು ಲೆವೆಲ್ 15ರಲ್ಲಿ, ನಾಲ್ವರು ಸೇರಿ ಆಡೋ ಸಸ್ತಾಶಾ ಡಂಜನ್‌ನಲ್ಲಿ. ಒಬ್ಬ ಟ್ಯಾಂಕ್, ಒಬ್ಬ ಹೀಲರ್, ಇಬ್ಬರು ಡಿಪಿಎಸ್ (ಶತ್ರುವನ್ನು ಹೊಡೆಯೋದೇ ಇವರ ಕೆಲಸ). ಪ್ರತಿ ಮುಖ್ಯ ಹೊಡೆತದ ಮಧ್ಯೆ ಸುಮಾರು 2.5 ಸೆಕೆಂಡ್ ಅಂತರ ಇರೋದ್ರಿಂದ ಆಟ ಈಗ ಮಂದ ಅನ್ಸುತ್ತೆ. ಆ ಅಂತರದಲ್ಲಿ ಒತ್ತಬೇಕಾದ ಹೆಚ್ಚಿನ ಬಟನ್‌ಗಳು ನಿಮ್ಮ ಲೆವೆಲ್‌ಗೆ ಇನ್ನೂ ಬಂದಿಲ್ಲ, ಅಷ್ಟೆ.

ಭಯದ ವಿಷಯಕ್ಕೆ ಬರೋಣ. ಡಂಜನ್ ಒಳಗೆ ಕಾಲಿಟ್ಟ ಕೂಡಲೇ ಐರನ್ ವಿಲ್ (ಶತ್ರುಗಳ ಗಮನ ನಿಮ್ಮ ಮೇಲೇ ಇರಿಸೋ ಬಟನ್) ಆನ್ ಇದೆಯಾ ನೋಡ್ಕೊಳ್ಳಿ. ಲೆವೆಲ್ 10ಕ್ಕೇ ಸಿಕ್ಕಿರುತ್ತೆ. ಅದು ಆಫ್ ಇದ್ರೆ ಜೋರಾಗಿ ಹೊಡೆಯೋ ಡಿಪಿಎಸ್ ಮೇಲೆ ಶತ್ರು ತಿರುಗಿಬೀಳ್ತಾನೆ, ಹೀಲರ್ ಇಬ್ಬರನ್ನೂ ಉಳಿಸೋಕೆ ಹೋಗಿ ಮೂವರೂ ಸಾಯ್ತೀರಿ. ಗುಂಪಿಗೆ ನುಗ್ಗಿ ಮಧ್ಯದಲ್ಲಿ ನಿಂತು ಸುತ್ತಲಿನ ಶತ್ರುಗಳಿಗೆಲ್ಲ ತಾಗೋ ಟೋಟಲ್ ಎಕ್ಲಿಪ್ಸ್ ಎರಡು ಮೂರು ಸಲ ಒತ್ತಿ. ಶತ್ರುಗಳ ಪಟ್ಟಿಯಲ್ಲಿ ಪ್ರತಿ ಹೆಸರಿನ ಪಕ್ಕ ಒಂದು ಗುರುತು ಇರುತ್ತೆ: ಕೆಂಪು ಚೌಕ ಅಂದ್ರೆ ಆ ಪ್ರಾಣಿ ನಿಮ್ಮ ಹಿಡಿತದಲ್ಲಿದೆ, ಹಸಿರು ಅಂದ್ರೆ ಬೇರೆ ಯಾರ ಮೇಲೋ ಹೋಗ್ತಿದೆ. ಹಸಿರು ಕಂಡ್ರೆ ದೂರದಿಂದ ಶೀಲ್ಡ್ ಲಾಬ್ ಎಸೀರಿ. ಅದೂ, ಶತ್ರುವನ್ನು ನಿಮ್ಮ ಕಡೆ ತಿರುಗಿಸೋ ಪ್ರೊವೋಕೂ ಲೆವೆಲ್ 15ಕ್ಕೆ ಬರುತ್ತೆ.

ರ‍್ಯಾಂಪಾರ್ಟ್ ಬಗ್ಗೆ ಸ್ವಲ್ಪ ಒತ್ತಿ ಹೇಳ್ತೀನಿ. 20 ಸೆಕೆಂಡ್ ಕಾಲ ಪೆಟ್ಟನ್ನು 20 ಶೇಕಡಾ ಕಡಿಮೆ ಮಾಡುತ್ತೆ, ಮತ್ತೆ ಸಿಗೋಕೆ 90 ಸೆಕೆಂಡ್. ಹೊಸಬರು ಪ್ರಾಣ ಕಾಲು ಭಾಗಕ್ಕೆ ಇಳಿದ ಮೇಲೆ ಒತ್ತುತ್ತಾರೆ. ಅಷ್ಟರಲ್ಲಿ ಅರ್ಧ ಗುಂಪು ಸತ್ತಿರುತ್ತೆ, ಪೆಟ್ಟು ಹೇಗೂ ಇಳಿದಿರುತ್ತೆ. ಎಲ್ಲವೂ ಜೀವಂತ ಇರೋವಾಗಲೇ, ಅಂದ್ರೆ ಗುಂಪು ಹಿಡಿದ ಮೊದಲ ಕ್ಷಣದಲ್ಲೇ, ಅದರ ಪೂರ್ತಿ ಲಾಭ. ಬಾಸ್ ಮುಖ ಮಾತ್ರ ಯಾವಾಗಲೂ ಪಾರ್ಟಿಯ ವಿರುದ್ಧ ದಿಕ್ಕಿಗೆ ಇರಲಿ.

ಹೀಲರ್ ಆಡುವವರು:

ರ‍್ಯಾಂಪಾರ್ಟ್ ಮಾತು ನೂರಕ್ಕೆ ನೂರು ಸರಿ. ಹೀಲರ್ ಕಡೆಯಿಂದ ಒಂದು ಸೇರಿಸ್ತೀನಿ: ನಿಮ್ಮ ಪ್ರಾಣ ಅರ್ಧಕ್ಕೆ ಇಳಿದರೂ ಕಾಂಜುರರ್ (ಒಂದು ಬಗೆಯ ಹೀಲರ್) ಕಲ್ಲು ಎಸೀತಾನೇ ಇದ್ರೆ ಗಾಬರಿಯಾಗಬೇಡಿ. ಶತ್ರು ಬೇಗ ಸತ್ತಷ್ಟೂ ಹೀಲ್ ಮಾಡೋದು ಕಡಿಮೆ, ಒಳ್ಳೆ ಹೀಲರ್ ಆ ಲೆಕ್ಕದಲ್ಲೇ ಆಡೋದು. ಬಿದ್ದವರನ್ನು ಎಬ್ಬಿಸೋ ರೇಸ್ ಮಂತ್ರ ಹಾಕೋಕೆ 8 ಸೆಕೆಂಡ್ ಬೇಕು, ಅದನ್ನು ಥಟ್ಟನೆ ಹಾಕಿಸೋ ಸ್ವಿಫ್ಟ್‌ಕಾಸ್ಟ್ ಬರೋದು ಲೆವೆಲ್ 18ಕ್ಕೆ. ಹಾಗಾಗಿ ಸಸ್ತಾಶಾದಲ್ಲಿ ಯಾರಾದ್ರೂ ಬಿದ್ದರೆ ಎದ್ದೇಳೋದು ತಡ ಆಗುತ್ತೆ, ಆ ಹೊತ್ತಲ್ಲಿ ಮುಂದಿನ ಗುಂಪಿಗೆ ಓಡಬೇಡಿ.

ಇನ್ನೊಂದು, ಇದು ಎಲ್ಲರಿಗೂ. ಶತ್ರು ಬೆನ್ನು ಹತ್ತಿದ್ರೆ ಟ್ಯಾಂಕ್ ಹತ್ತಿರ ಓಡಬೇಕು, ದೂರ ಅಲ್ಲ. ಟೋಟಲ್ ಎಕ್ಲಿಪ್ಸ್ ಟ್ಯಾಂಕ್ ಸುತ್ತಮುತ್ತ ಇರೋ ಶತ್ರುಗಳಿಗಷ್ಟೇ ತಾಗೋದು.

ಡಿಪಿಎಸ್ ಆಡುವವರು:

ಪೆಟ್ಟು ಬೀಳೋ ಜಾಗ ತೋರಿಸೋ, ನೆಲದ ಮೇಲಿನ ಕಿತ್ತಳೆ ಗುರುತಿನ ಗುಟ್ಟು ಯಾರೂ ಹೇಳಿಲ್ಲ. ಗುರುತು ಮಾಯವಾದ ಕ್ಷಣಕ್ಕೆ ನೀವು ಎಲ್ಲಿದ್ರಿ ಅಂತ ಸರ್ವರ್ ಬರೆದಿಟ್ಕೊಳ್ಳುತ್ತೆ. ಬೆಂಕಿ, ಸಿಡಿಲು ಕಣ್ಣಿಗೆ ಕಾಣೋದು ಆಮೇಲೆ. "ಹೊರಗೆ ಬಂದಿದ್ದೆ, ಆದ್ರೂ ಪೆಟ್ಟು ಬಿತ್ತು" ಅನ್ನೋದಕ್ಕೆ ಕಾರಣ ಇದು. ನಮ್ಮ ಪಿಂಗ್‌ಗೆ (ಸರ್ವರ್ ತಲುಪೋ ವಿಳಂಬಕ್ಕೆ) ಇನ್ನೂ ಸ್ವಲ್ಪ ಮೊದಲೇ ಜಾಗ ಬಿಡಬೇಕು. ಮಂತ್ರ ಹಾಕುವವರಿಗೆ ಒಂದು ಅನುಕೂಲ ಇದೆ: ಮಂತ್ರ ಎಷ್ಟು ಮುಗಿದಿದೆ ಅಂತ ತೋರಿಸೋ ಕಾಸ್ಟ್ ಪಟ್ಟಿಯ ಕೊನೆಯ ಅರ್ಧ ಸೆಕೆಂಡಿನಲ್ಲಿ ಹೆಜ್ಜೆ ಕಿತ್ತರೂ ಮಂತ್ರ ಕೆಡಲ್ಲ.

ಸಸ್ತಾಶಾದಲ್ಲಿ ಮೂರು ಬಣ್ಣದ ಹವಳ ಸಿಗುತ್ತೆ. ಯಾವುದನ್ನು ಮುಟ್ಟಬೇಕು ಅಂತ ನೆಲದ ಮೇಲೆ ಬಿದ್ದಿರೋ ರಕ್ತದ ಕಲೆಯ ಚೀಟಿಯಲ್ಲಿದೆ, ಓದಿ. ಬಣ್ಣ ಪ್ರತಿ ಸಲ ಬದಲಾಗುತ್ತೆ, ಹಳೇ ವಿಡಿಯೊ ನಂಬಬೇಡಿ. ಕೊನೆಯ ಬಾಸ್ ಡೆನ್ ಹತ್ತಿರ ನೀರು ಗುಳುಗುಳು ಅಂದ ಜಾಗವನ್ನು ಯಾರಾದ್ರೂ ಒಬ್ಬರು ಹೋಗಿ ಮುಟ್ಟಿ ಮುಚ್ಚಬೇಕು, ಇಲ್ಲಾಂದ್ರೆ ಅಲ್ಲಿಂದ ಇನ್ನಷ್ಟು ಮಂದಿ ಬರ್ತಾರೆ. ಅದು ಡಿಪಿಎಸ್ ಕೆಲಸ. ಟ್ಯಾಂಕ್ ಬಾಸ್ ಬಿಟ್ಟು ಓಡಬಾರದು.

ಸರ್ವರ್ ಬಗ್ಗೆ:

ಪಾರ್ಟಿ ಜೋಡಿಸಿಕೊಡೋ ಡ್ಯೂಟಿ ಫೈಂಡರ್ ಇಡೀ ಡೇಟಾ ಸೆಂಟರ್‌ನಿಂದ (ಸರ್ವರ್‌ಗಳ ಗುಂಪಿನಿಂದ) ಜನ ಹುಡುಕುತ್ತೆ, ಆದ್ದರಿಂದ ಸರ್ವರ್ ಹೆಸರಿಗಿಂತ ಡೇಟಾ ಸೆಂಟರ್ ಮುಖ್ಯ. ಪಿಂಗ್ ಒಂದೇ ನೋಡಬೇಡಿ, ಗಡಿಯಾರ ನೋಡಿ. ನಮ್ಮ ರಾತ್ರಿ 9:30 ಅಂದ್ರೆ ಜಪಾನಿನಲ್ಲಿ 1 ಗಂಟೆ, ಸಿಡ್ನಿಯಲ್ಲಿ ಇನ್ನೂ ತಡ, ಜರ್ಮನಿಯಲ್ಲಿ ಸಂಜೆ 5 ಅಥವಾ 6. ಕೆಲಸ ಮುಗಿಸಿ ರಾತ್ರಿ ಆಡುವವರಿಗೆ ಯುರೋಪಿನ ಕೇಯಾಸ್ ಅಥವಾ ಲೈಟ್‌ನಲ್ಲಿ ಜನ ಸಿಗ್ತಾರೆ. ಬೆಳಿಗ್ಗೆ ಆಡುವವರಾದ್ರೆ ಜಪಾನೇ ಸರಿ, ಚಾಟ್‌ನಲ್ಲಿ ಟ್ಯಾಬ್ ಕೀ ಒತ್ತಿದ್ರೆ ಸಿದ್ಧ ಪದಗಳು ಅವರ ಭಾಷೆಯಲ್ಲೇ ಅವರಿಗೆ ಕಾಣುತ್ತೆ. ಲೆವೆಲ್ 12ರಲ್ಲಿ ಬೇರೆ ಕಡೆ ಹೊಸದಾಗಿ ಶುರು ಮಾಡೋದು ದೊಡ್ಡ ನಷ್ಟ ಅಲ್ಲ, 40ರಲ್ಲಿ ಹೊಟ್ಟೆ ಉರಿಯುತ್ತೆ.

ಯಾವುದೋ ಒಂದು ಡಂಜನ್‌ಗೆ ಕಳಿಸೋ ರೂಲೆಟ್‌ನ ದಿನದ ಬೋನಸ್ ನಮ್ಮ ರಾತ್ರಿ 8:30ಕ್ಕೆ ಹೊಸದಾಗುತ್ತೆ. 8ಕ್ಕೆ ಒಂದು, 8:30 ದಾಟಿದ ಮೇಲೆ ಇನ್ನೊಂದು ಆಡಿದ್ರೆ ಒಂದೇ ಸಂಜೆಗೆ ಎರಡು ಬೋನಸ್.

ಟ್ರಯಲ್ ಬಗ್ಗೆ:

ದಿನಗಳ ಮಿತಿ ಇಲ್ಲ, ವಿಸ್ತರಣೆಗಳಲ್ಲಿ ಒಂದಾದ ಸ್ಟಾರ್ಮ್‌ಬ್ಲಡ್ ಮುಗಿಯೋ ತನಕ, ಅಂದ್ರೆ ಲೆವೆಲ್ 70ರವರೆಗೆ ಆಡಬಹುದು. ಒಮ್ಮೆ ಆ ಖಾತೆಗೆ ಆಟ ಖರೀದಿಸಿದ್ರೆ ಟ್ರಯಲ್‌ಗೆ ವಾಪಸ್ ಬರೋ ದಾರಿ ಇಲ್ಲ, ಡಿಸ್ಕೌಂಟ್ ಕಂಡ ಕೂಡಲೇ ಕೊಳ್ಳಬೇಡಿ. ಸ್ಟೀಮ್‌ನಲ್ಲಿ ಖರೀದಿ ಶುರು ಮಾಡಿದವರು ಮುಂದಿನ ವಿಸ್ತರಣೆಗಳನ್ನೂ ಸ್ಟೀಮ್‌ನಲ್ಲೇ ಕೊಳ್ಳಬೇಕಾಗುತ್ತೆ, ಇದನ್ನೂ ಮೊದಲೇ ಯೋಚಿಸಿ.

15 ಆದ ತಕ್ಷಣ ಅಡ್ವೆಂಚರರ್ಸ್ ಗಿಲ್ಡ್‌ನಲ್ಲಿ ಸ್ಮಿತ್ ಅನ್ನೋನ ಹತ್ತಿರ ಹಾಲ್ ಆಫ್ ದ ನೋವಿಸ್ ಪಾಠ ಮುಗಿಸಿ. ಕೊಡೋ ಉಂಗುರ ಲೆವೆಲ್ 30ರವರೆಗೆ ಅನುಭವದ ಅಂಕ 30 ಶೇಕಡಾ ಹೆಚ್ಚಿಸುತ್ತೆ. ಮಾರಿಬಿಡಬೇಡಿ. ಭಯ ಹೋಗಿಲ್ಲ ಅಂದ್ರೆ ಡ್ಯೂಟಿ ಸಪೋರ್ಟ್‌ನಲ್ಲಿ ಆಟದ್ದೇ ಮೂರು ಪಾತ್ರಗಳ ಜೊತೆ ಸಸ್ತಾಶಾ ಒಮ್ಮೆ ನೋಡಿ ಬನ್ನಿ.

ಟ್ಯಾಂಕ್ ಆಡುವವರು, ಮತ್ತೆ:

ಡ್ಯೂಟಿ ಸಪೋರ್ಟ್ ಒಂದು ಸಲ ಸಾಕು, ದಾರಿ ಗೊತ್ತಾಗೋಕೆ ಮಾತ್ರ. ಆ ಪಾತ್ರಗಳ ಹೊಡೆತ ಮೆಲ್ಲಗೆ, ಅದಕ್ಕೇ ಒಗ್ಗಿಕೊಂಡ್ರೆ ಜನರ ವೇಗ ಕಂಡು ತಬ್ಬಿಬ್ಬಾಗ್ತೀರಿ. ಟ್ಯಾಂಕ್ ಆಗಿ ಸರದಿ ಹಾಕಿದ್ರೆ ಕಾಯೋದು ಕಡಿಮೆ, ಡಿಪಿಎಸ್‌ಗಳೇ ಹೆಚ್ಚು ಹೊತ್ತು ಕಾಯೋದು. ಒಳಗೆ ಹೋದ ಮೇಲೆ "ಮೊದಲ ಸಲ" ಅಂತ ಟೈಪ್ ಮಾಡಿ. ಹೊಸಬರು ಇರೋ ಪಾರ್ಟಿಗೆ ಮುಗಿಸಿದಾಗ ಬೋನಸ್ ಸಿಗುತ್ತೆ, ನೀವು ಬಂದದ್ದು ಉಳಿದ ಮೂವರಿಗೂ ಲಾಭವೇ. ಬಾಗಿಲಲ್ಲೇ ನಿಂತು ಐರನ್ ವಿಲ್ ಇನ್ನೊಮ್ಮೆ ನೋಡ್ಕೊಂಡು ಮೊದಲನೇ ಗುಂಪಿಗೆ ನುಗ್ಗಿ.